ಪೆರ್ಪೆತುವಾ ದೊಡ್ಡಮ್ಮ ಕೊಟ್ಟ ಗೆಣಸು

ಮಾರ್ಚ್ ೧೨, ಗುರುವಾರ

ದೊಡ್ಡಮ್ಮನ ಮುಂದೆ ಇವತ್ತು ನಿಜ ಹೇಳಲಿಲ್ಲ. ಅದೇ ಕೊರೆಯುತ್ತಿದೆ.

ನಮ್ಮ ಕೋಕೋ ಸಂಘದಿಂದ ಅರಾವಾ ಪಟ್ಟಣದ ತರಬೇತಿಗೆ ಹೊರಟ ಟ್ರಕ್ಕಿನಲ್ಲಿ ಬರೀ ಗಂಡಸರು. ಕೋಕೋ ಬೀಜ ಹುಳಿಯಿಡುವ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ಬೀಜದ ಹದ ಹೇಳಬಲ್ಲ ಪೆರ್ಪೆತುವಾ ದೊಡ್ಡಮ್ಮ ರಸ್ತೆಬದಿಯಲ್ಲಿ ನಿಂತಿದ್ದಳು. ಅವಳ ಗಂಡ ಡೊಮಿನಿಕ್ ಮೇಲಿಂದ ಕೂಗಿದ, "ಬೀಜ ಹೆಂಗೆ ಒಣಗಿಸ್ತೀಯ ಅಂತ ಅಲ್ಲಿ ಕೇಳಿದ್ರೆ ಏನ್ ಹೇಳ್ಲಿ?"

"ನಾನು ಮಲಗಿದ್ದೆ ಅನ್ನು, ನಿಜಾನೇ ಅಲ್ವಾ."

ಟ್ರಕ್ಕಿನವರೆಲ್ಲ ನಕ್ಕರು. ಆಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ನೆಲ ನಮ್ಮಮ್ಮಂದು, ನಾಳೆ ನನ್ನ ಮಗಳದ್ದು. ಇವನು ಮದುವೆಯಾಗಿ ಬಂದೋನು. ಇವನನ್ನ ಬೆಳೆಗಾರ ಅಂತ ಬರೆದಿದ್ದಾರಲ್ಲ, ಆ ಆಫೀಸಿನೋರಿಗೆ ಬುದ್ಧಿ ಇಲ್ವಾ? ನೀನು ಓದಿದೋಳು, ಹೋಗಿ ಬೈದು ಬಾ ಮಗಳೇ."

ಆಫೀಸಿನವರಲ್ಲ. ತರಬೇತಿಯ ಅಷ್ಟೂ ಅರ್ಜಿ ತುಂಬಿದವಳು ನಾನು. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುವುದಾದರೂ ಒಂದೊಂದು ಮನೆಗೂ ಯೋಚಿಸದೆ ಗಂಡಸಿನ ಹೆಸರು ಬರೆದೆ. ಬೋರ್ಡಿಂಗ್ ಶಾಲೆಯಲ್ಲಿ ಅಪ್ಪನ ಹೆಸರನ್ನೇ ಮೊದಲು ಬರೆದು ಅಭ್ಯಾಸವಾದ ಕೈ. ಹೆಂಗಸರಿಗಾಗಿ ಸಂಘ ಕಟ್ಟಿದೆ ಎಂದು ಹೇಳಿಕೊಂಡು ತಿರುಗುವವಳೂ ನಾನೇ.

"ಆಯ್ತು ದೊಡ್ಡಮ್ಮ" ಅಂದೆ, ಅಷ್ಟೇ. ಬೈಯೋಕೆ ಶಕ್ತಿ ಬೇಕು ಅಂತ ಅವಳು ಬುಟ್ಟಿಯಲ್ಲಿದ್ದ ಗೆಣಸನ್ನೆಲ್ಲ ನನ್ನ ಚೀಲಕ್ಕೆ ಸುರಿದಳು.

ಗೆಣಸು ಬೇಯಿಸಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಚೀಲ ಹೊತ್ತುಕೊಂಡು ಹೋಗಿ ಹೇಳಬೇಕು, ಬರೆದವಳು ನಾನು ಎಂದು. ಅವಳು ಬೈದರೆ ಪರವಾಗಿಲ್ಲ. ಬೈಯದೆ ಸುಮ್ಮನೆ ನೋಡಿದರೆ ತಡೆಯಲಾರೆ.