ಕರದಂಟಿನ ಪೊಟ್ಟಣವೂ ರೋಹಿಣಿಯ ಅರ್ಜಿಯೂ

ವಿದ್ಯಾರ್ಥಿನಿಲಯ ಪ್ರವೇಶದ ಜಾಲತಾಣ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಜಾಲತಾಣ ಈಗ ಬಹಳ ಚುರುಕಾಗಿದೆ. ಅಭಿನಂದನೆಗಳು. ಆ ಚುರುಕಿನಲ್ಲೇ ಒಬ್ಬ ಹುಡುಗಿಯ ಹಾಸ್ಟೆಲ್ ಸೀಟು ಹೋಯಿತೆಂದು ತಿಳಿಸಲು ಈ ಪತ್ರ. ಮೂರು ಮನವಿ ಕೊಟ್ಟು ಸಾಕಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಅಮೀನಗಡದ ಬಸ್ ನಿಲ್ದಾಣದ ಬಳಿ ಕರದಂಟಿನ ಅಂಗಡಿ ಇಟ್ಟವನು. ನಮ್ಮಲ್ಲಿ ಪೊಟ್ಟಣ ಕಟ್ಟುವ ಗುರುಸಿದ್ದವ್ವನ ಮಗಳು ರೋಹಿಣಿಗೆ ಧಾರವಾಡದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತ್ತು. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ. ಅರ್ಜಿ ಹಾಕಿದ್ದು ನನ್ನ ಮೊಬೈಲಿನಿಂದ. ಹನ್ನೊಂದು ದಿನ, ಒಂದು ಬಸ್ಸು ಹೋಗಿ ಇನ್ನೊಂದು ಬರುವುದರೊಳಗೆ, ಅರ್ಜಿಯ ಸ್ಥಿತಿಯನ್ನು ತೆಗೆದು ತೆಗೆದು ನೋಡಿದೆ. ಪ್ರತಿ ಸಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: ‘ಪರಿಶೀಲನೆಯಲ್ಲಿದೆ’.

ಹನ್ನೆರಡನೆಯ ದಿನ ಬಾಗಲಕೋಟೆಯ ಕಚೇರಿಗೆ ಹೋದರೆ ನಿಮ್ಮ ಸಿಬ್ಬಂದಿ ಹೇಳಿದ್ದು: “ಮೂರನೇ ದಿನಾನ ವಾಪಸ್ ಕಳಿಸೇವಲ್ರಿ. ಫೋಟೋ ಸರಿ ಇದ್ದಿದ್ದಿಲ್ಲ. ತಿದ್ದಾಕ ಏಳು ದಿನ ಕೊಟ್ಟಿದ್ವಿ, ಮುಗದೈತಿ.” ಹಾಗಾದರೆ ನಾನು ದಿನವೂ ನೋಡಿದ್ದೇನು? “ಸೈಟ್ ಭಾಳ ನಿಧಾನ ಆಗಿತ್ರಿ, ಅದಕ್ಕ ಕ್ಯಾಶಿಂಗ್ ಮಾಡೇವಿ. ಒಮ್ಮೆ ತಯಾರಾದ ಪುಟಾನ ಇಟ್ಕೊಂಡು ಅದನ್ನ ತೋರಸತೈತಿ. ಈಗ ನೋಡ್ರಿ, ಹೆಂಗ ಓಡತೈತಿ!”

ಓಡುತ್ತದೆ ಸ್ವಾಮಿ, ಯಾರು ಇಲ್ಲವೆಂದರು? ತಯಾರು ಮಾಡಿ ಇಡುವುದರ ಲಾಭ ನನಗೆ ಗೊತ್ತಿಲ್ಲವೇ? ಬಸ್ಸು ಐದು ನಿಮಿಷ ನಿಲ್ಲುವ ಊರಿನಲ್ಲಿ, ಗಿರಾಕಿ ಬಂದ ಮೇಲೆ ಬೆಲ್ಲ ಕಾಯಿಸಲು ಕೂತರೆ ವ್ಯಾಪಾರವಾದೀತೇ? ಕರದಂಟನ್ನು ಮೊದಲೇ ಕಟ್ಟಿ, ತಾರೀಖಿನ ಚೀಟಿ ಅಂಟಿಸಿ ಇಟ್ಟಿರುತ್ತೇವೆ. ಆದರೆ ಪಕ್ಕದ ಅಂಗಡಿಯ ಬಂದೇನವಾಜ ಮಿರ್ಚಿ ಭಜಿಯನ್ನು ಹಾಗೆ ಇಡುವುದಿಲ್ಲ, ಆಗಲೇ ಕರಿದು ಕೊಡುತ್ತಾನೆ. ಇದಕ್ಕೆ ಅವನೇನೂ ತರಬೇತಿ ಪಡೆದಿಲ್ಲ. ನಿಯಮಾವಳಿಯನ್ನೋ ಊರುಗಳ ಪಟ್ಟಿಯನ್ನೋ ನೀವು ಧಾರಾಳವಾಗಿ ಇಟ್ಟುಕೊಳ್ಳಿ, ವರ್ಷಗಟ್ಟಲೆ ಅವು ಬದಲಾಗುವುದಿಲ್ಲ. ದಿನದಿನಕ್ಕೆ ಬದಲಾಗುವ ಅರ್ಜಿಯ ಸ್ಥಿತಿಯನ್ನೇಕೆ ಇಟ್ಟಿರಿ? ಇಟ್ಟ ಮೇಲೆ, ಇದು ಇಂಥ ದಿನದ್ದು ಎಂದು ಒಂದು ಸಾಲು ಬರೆಯಲು ಏನಾಗಿತ್ತು?

ಗುರುಸಿದ್ದವ್ವ ನನ್ನನ್ನು ಬೈದಿಲ್ಲ. “ನೀವು ದಿನಾ ನೋಡ್ತಿದ್ರಿ ಅಲ್ರೀ ಅಣ್ಣಾರ?” ಎಂದಷ್ಟೇ ಕೇಳಿದಳು. ನಿಮ್ಮ ಪಾಲಿನ ನಾಚಿಕೆಯೂ ನನಗೇ ಆಯಿತು.

ಬೇಡಿಕೆ ದೊಡ್ಡದಲ್ಲ. ಅರ್ಜಿಯ ಸ್ಥಿತಿ ಆ ಕ್ಷಣದ್ದೇ ಕಾಣಲಿ. ರೋಹಿಣಿಯ ಏಳು ದಿನಗಳನ್ನು ಅವಳಿಗೆ ವಾಪಸು ಕೊಡಿ. ಹೊಸ ಫೋಟೋ ನನ್ನ ಜೇಬಿನಲ್ಲೇ ಇದೆ. ಕಾಲೇಜು ಶುರುವಾಗಿ ಮೂರು ವಾರವಾಯಿತು. ನಮ್ಮ ಪೊಟ್ಟಣಗಳ ಮೇಲೆ ತಾರೀಖಿನ ಚೀಟಿಯನ್ನು ಈಗ ರೋಹಿಣಿಯೇ ಅಂಟಿಸುತ್ತಾಳೆ.

ಇಂತಿ,
ಹನ್ನೊಂದು ದಿನ ನಿಮ್ಮನ್ನು ನಂಬಿದ
ಪ್ರೇಮಕುಮಾರ
ಕರದಂಟು ವ್ಯಾಪಾರಿ, ಅಮೀನಗಡ