ಕ್ಯಾಪ್ಟನ್ ಎಳೆದ ಛತ್ರಿ

ಪಿ.ಜೆ. ಬಡಾವಣೆ, ದಾವಣಗೆರೆ
೧೧-೨-೧೯೯೯

ಮಗಳು ಆಶಾರಾಣಿಗೆ ನಿಮ್ಮಪ್ಪನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯ್ತು. ಉತ್ತರ ಬರೀಲಿಲ್ಲ ಅಂತ ಮುನಿಸ್ಕೋಬ್ಯಾಡ ತಾಯಿ, ಒಂದು ಕೆಲಸದಾಗಿದ್ದೆ. ನಿಮ್ಮವ್ವನ ಮಂಡಿನೋವು ಇಳಿದೈತೆ. ಮಾಳಿಗೆ ಹತ್ತಿ ಹಪ್ಪಳ ಒಣಗಿಸೋಷ್ಟು ಆಗ್ಯಾಳೆ. ಅಳಿಯಂದಿರ ವರ್ಗಾವಣೆ ನಿಂತಿತಂತಲ್ಲ, ಒಳ್ಳೇದಾಯ್ತು.

"ತಮ್ಮ ಹೋಗಿ ಎಂಟು ತಿಂಗಳಾಯ್ತು, ಇನ್ನು ಬಿಟ್ಟುಬಿಡಪ್ಪ" ಅಂತ ಬರೆದಿದ್ದೀ. ಬಿಡೋದಿಲ್ಲ. ವೀರೇಶ ಓಡಿಸ್ತಿದ್ದ ಸರಕಿನ ವಿಮಾನ ಬಿದ್ದದ್ದು ಪೈಲಟ್ ತಪ್ಪಿನಿಂದ ಅಂತ ಬರೆದು ಕಂಪನಿ ಕೈ ತೊಳಕೊಂಡಿತು. ವೇಗ ತಗ್ಗಿದ ಎಚ್ಚರಿಕೆಗೆ ವಿಮಾನ ಏರಿಸಿ ಇಳಿಸೋ ಸ್ಟಿಕ್ಕು ತಾನೇ ನಡುಗಿದಾಗ ಮುಂದಕ್ಕೆ ತಳ್ಳೋದು ಬಿಟ್ಟು ಎದೆಗೆ ಎಳ್ಕೊಂಡನಂತೆ. ನೆಲ ಮುಟ್ಟೋವರೆಗೂ ಎಳೆದನಂತೆ. ಹೌದು, ಎಳೆದ. ಯಾಕ ಎಳೆದ ಅಂತ ಯಾರೂ ಕೇಳಲಿಲ್ಲ.

ಹರಿಹರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು, ಓದಿದ್ದು ಏಳನೇ ಕ್ಲಾಸು. ಡಿಕ್ಷನರಿ ಪಕ್ಕಕ್ಕಿಟ್ಕೊಂಡು ವೀರೇಶನ ಪುಸ್ತಕಗಳನ್ನ ಮೂರು ಸಲ ಓದಿದೆ. ವಿಷಯ ಇಷ್ಟೇ. ವೇಗ ತಗ್ಗಿ ವಿಮಾನದ ಮೂಗು ಮೇಲಾದರೆ ರೆಕ್ಕೆ ಮೇಲಿನ ಗಾಳಿ ಕಿತ್ತುಹೋಗ್ತೈತೆ, ರೆಕ್ಕೆ ಭಾರ ಹೊರೋದಿಲ್ಲ. ಅದಕ್ಕೆ ಸ್ಟಾಲ್ ಅಂತಾರೆ. ಆಗ ಸ್ಟಿಕ್ಕು ತಳ್ಳಿ ಮೊದಲು ಮೂಗು ಇಳಿಸಬೇಕು. ಐನೂರು ಅಡಿ ಕೆಳಗೆ ಹೋದರೂ ಚಿಂತಿಲ್ಲ, ಗಾಳಿ ಮತ್ತೆ ಹಿಡೀತೈತೆ. ವೀರೇಶ ಮೂರು ಸಾವಿರ ಅಡಿ ಮೇಲಿದ್ದ! ಆದರೆ ಈ ಕಂಪನಿಯವರ ತರಬೇತಿಯೊಳಗೆ ಸ್ಟಿಕ್ಕು ನಡುಗಿದ ಕೂಡ್ಲೆ ಇಂಜಿನ್ ಜೋರು ಮಾಡ್ಬೇಕು, ಸ್ಟಿಕ್ಕು ಎಳೆದು ಮೂಗು ಎತ್ತೇ ಹಿಡೀಬೇಕು, ನೂರು ಅಡಿಗಿಂತ ಹೆಚ್ಚು ಇಳಿದರೆ ಫೇಲು. ನಿನ್ನ ತಮ್ಮನ ನೋಟ್‌ಬುಕ್ಕಿನಲ್ಲಿ ತರಬೇತಿ ಕ್ಯಾಪ್ಟನ್ ಕೆಂಪು ಶಾಯಿಯಲ್ಲಿ ಬರೆದಾನೆ: "ನೂರೈವತ್ತು ಅಡಿ ಇಳಿದೆ. ಫೇಲ್. ಮೂಗು ಎತ್ತಿ ಹಿಡಿ."

ನಿನ್ನ ಕಾಗದ ಬಂದ ವಾರದಾಗೇ ಆ ಮಹಾಶಯ ಮನೆಗೆ ಬಂದ. ಸಂತಾಪ ಬರೀ ನೆಪ, ಬೇಕಾಗಿದ್ದು ಆ ನೋಟ್‌ಬುಕ್ಕು. ಬರ್ತೀನಂತ ಮೊದಲೇ ಫೋನ್ ಮಾಡಿದ್ದ. ಪಕ್ಕದ್ಮನೆ ವಕೀಲ ಮುನಾಫನ್ನ ಕರೆಸಿ ಕೂಡ್ರಿಸಿದ್ದೆ.

"ಬರ್ರಿ, ಕೂಡ್ರಿ" ಅಂದೆ. ನಿಮ್ಮವ್ವ ಚಾ ಕೊಟ್ಟಳು.

"ಹುಡುಗ ಒಳ್ಳೆಯವನು ಸರ್. ಆದ್ರೆ ಎಳೀಬಾರದಿತ್ತು. ಹೊಸಬರು ಗಾಬರಿ ಬೀಳ್ತಾರೆ" ಅಂದ.

"ನಂಗೇನು ತಿಳೀತೈತ್ರಿ? ಸ್ಟಿಕ್ಕು ಹೆಂಗೆ ಹಿಡೀತಾರೆ, ಸ್ವಲ್ಪ ತೋರಿಸ್ರಿ" ಅಂತ ನನ್ನ ಉದ್ದನೆ ಛತ್ರಿ ಮಡಿಚಿ ಅವನ ಮುಂದೆ ನಿಲ್ಲಿಸಿದೆ. ಹಿಡ್ಕೊಂಡ. ಮುನಾಫ್ ಊರಿನ ಬಿಸಿಲಿನ ಮಾತು ತೆಗೆದ, ಅವನು ಅತ್ತ ತಿರುಗಿದ. ನಾನು ಛತ್ರಿ ತುದಿ ಹಿಡಿದು ಗಡಗಡ ಅಲ್ಲಾಡಿಸಿ, "ಸ್ಟಿಕ್ಕು ನಡುಗ್ತು!" ಅಂತ ಕೂಗಿದೆ.

ಅವನ ಎಡಗೈ ಇಂಜಿನ್ ಜೋರು ಮಾಡೋಕೆ ಮುಂದೆ ಹೋಯ್ತು. ಬಲಗೈ ಛತ್ರಿಯನ್ನ ಎದೆಗೆ ಎಳ್ಕೊಂತು.

ಮುನಾಫ್ ಗಡ್ಡ ಸವರ್ಕೊಂಡು, "ಸಾಹೇಬ್ರೇ, ನೀವೂ ಹೊಸಬ್ರಾ?" ಅಂದ.

ಆ ಮುಖ ನೋಡ್ಬೇಕಿತ್ತು ನೀನು! ಅದನ್ನ ನೆನೆಸ್ಕೊಂಡು ಎಂಟು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. "ನಂಗೂ ಹಂಗೇ ಕಲಿಸಿದ್ರು ಸರ್" ಅಂದ, ಮೆಲ್ಲಗೆ. ಅದಕ್ಕೆ ಕರಗ್ತೀನಾ? ನೋಟ್‌ಬುಕ್ಕಿನ ನಕಲು, ಮುನಾಫ್ ಕಂಡದ್ದನ್ನ ಬರೆದ ಅಫಿಡವಿಟ್ಟು, ಎರಡೂ ತನಿಖೆಯವರಿಗೆ ಹೋಗ್ಯಾವೆ. ಮೊನ್ನೆ ಅವನನ್ನ ತರಬೇತಿ ಕೆಲಸದಿಂದ ತೆಗೆದರಂತೆ. ಸಾಲದು. ವರದಿಯಲ್ಲಿ ವೀರೇಶನ ಹೆಸರು ಅಳಿಸಿ ಅಲ್ಲಿ ಅವನ ಹೆಸರು ಬರೀಬೇಕು. ಅವನ ಮಕ್ಕಳು ಅದನ್ನ ಓದಬೇಕು. ಅಲ್ಲೀತನಕ ನಾನು ಸಾಯೋದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮಗು ಸ್ನೇಹಾಗೆ ಎರಡು ಮುತ್ತು ಕೊಡು. ನಿನ್ನ ಮನೆ ತಣ್ಣಗಿರಲಿ.

ನಿಮ್ಮಪ್ಪ,
ಬಕ್ಕೇಶಪ್ಪ

ತಾ.ಕ.: ಇದನ್ನ ನಿಮ್ಮವ್ವಗೆ ಹೇಳಬ್ಯಾಡ. ಮುನಾಫಗೂ ಹೇಳಿಲ್ಲ. ಆ ಪರೀಕ್ಷೆ ಫೇಲಾದ ದಿನ ವೀರೇಶ ಫೋನ್ ಮಾಡಿದ್ದ. "ಅಪ್ಪ, ಇವರು ಕಲಿಸ್ತಿರೋದು ತಪ್ಪು. ಪುಸ್ತಕದಾಗೆ ಬ್ಯಾರೆ ಐತೆ. ಮೇಲಿನವರಿಗೆ ಬರೀತೀನಿ" ಅಂದ. ನಾನು ಬೈದೆ. "ಕಲಿಸೋರ ಎದುರು ವಾದ ಹಾಕ್ತೀಯೇನೋ? ಅವರು ಹೇಳಿದಂಗೇ ಮಾಡು, ಸುಮ್ನಿರು" ಅಂದೆ. "ಆಯ್ತಪ್ಪ" ಅಂದ. ಹದಿನೈದು ದಿನ ಬಿಟ್ಟು, ಇಪ್ಪತ್ತೇ ಅಡಿ ಇಳಿದು ಪಾಸಾದ. ನಾನು ಓಣಿಗೆಲ್ಲ ಪೇಡೆ ಹಂಚಿದೆ.