ಲಾಳಿ ಇಲ್ಲದ ಮಷೀನು

ಭಾಲ್ಕಿ, ೨೯ ಆಗಸ್ಟ್ ೧೯೪೮, ರವಿವಾರ

ಬೆಳಗಿನಿಂದ ನಾಲ್ಕು ಸ್ಟೋವ್. ನಾಲ್ಕಕ್ಕೂ ಒಂದೇ ರೋಗ, ನಿಪ್ಪಲ್ಲಿನಲ್ಲಿ ಮಸಿ. ಸೀಮೆಎಣ್ಣೆಗೆ ಏನೇನೋ ಬೆರೆಸಿ ಮಾರುತ್ತಾರೆ. ಪಿನ್ನು ಹಾಕಿ ಹಾಕಿ ಬೆರಳ ತುದಿ ಜರಡಿಯಾಗಿದೆ.

ಉಸ್ತಾದ್ ಶರಫೋದ್ದೀನರು ಪ್ರತಿಯೊಂದರ ಅಡಿಗೂ ಮೊಳೆಯಿಂದ ನಂಬರು ಗೀರುತ್ತಾರೆ. ಉರ್ದು ಅಂಕಿ. ಗಿರಾಕಿಗೊಂದು ನಂಬರು, ವಹಿಯಲ್ಲಿ ಅದರ ಮುಂದೆ ಹೆಸರು. ಯಾಕೆ ಈ ಗೀರಾಟ ಎಂದು ಕೇಳಿದೆ.

"ಕೆಟ್ಟು ತಿರುಗಿ ಬಂದ್ರ ಯಾರ ಕೈಯಿಂದ ಕೆಟ್ಟದ ಅಂತ ಗೊತ್ತಾಗಬೇಕಲ್ಲಪಾ. ಗಿರಾಕಿ ಮರೀತಾನ, ತಗಡು ಮರಿಯಂಗಿಲ್ಲ."

ನಿಜಾಮನ ವಿರುದ್ಧದ ನನ್ನ ಕರಪತ್ರಗಳು ಪೆಟ್ರೋಮ್ಯಾಕ್ಸಿನ ಖಾಲಿ ಡಬ್ಬಿಯೊಳಗಿವೆ. ಉಸ್ತಾದರಿಗೆ ಗೊತ್ತು. ಒಂದು ಮಾತೂ ಆಡುವುದಿಲ್ಲ. ಆದರೆ ನಿನ್ನೆ ನಿಜಾಮನ ಪರದ ರಜಾಕಾರರ ಗಸ್ತು ಅಂಗಡಿಗೆ ಬಂದಾಗ, ಆ ಡಬ್ಬಿಯ ಮೇಲೆ ತಮ್ಮ ಟೋಪಿ ಇಟ್ಟು, ಪಕ್ಕದಲ್ಲಿ ಆರಾಮಾಗಿ ಕೂತು ಬೀಡಿ ಸೇದಿದರು.

ಮಧ್ಯಾಹ್ನ ಔರಾದದಿಂದ ಹಾಜಿರಾಬೀ ಬಂದರು. ವಿಧವೆ. ಕೈಮಷೀನಿನ ಮೇಲೆ ಅಂಗಿ, ಕುಪ್ಪಸ ಹೊಲಿದು ಮಗಳು ಆಬೇದಾಳನ್ನು ಸಾಕುತ್ತಾರೆ. ಬಂಡಿಯಲ್ಲಿ ಮಷೀನನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದಿದ್ದರು. ದಾರ ಕಡಿಯುತ್ತಿತ್ತು. ಸ್ಪ್ರಿಂಗ್ ಬದಲಿಸಿದೆ. ಓಡಿಸಿ ನೋಡೋಣವೆಂದರೆ ಲಾಳಿಯೇ ಇಲ್ಲ! ಅಡಿದಾರ ಹೊತ್ತು ಓಡಾಡುವ, ಬೆರಳುದ್ದದ ಉಕ್ಕಿನ ದೋಣಿ ಅದು. ಅದಿಲ್ಲದೆ ಮಷೀನು ಹೊಲಿಯುವುದಿಲ್ಲ. ಅವರು ಸೊಂಟದ ಎಲೆಯಡಿಕೆ ಚೀಲದಿಂದ ತೆಗೆದು ಕೊಟ್ಟರು.

"ಕೆಲಸ ಮುಗೀತಂದ್ರ ತೆಗೆದು ಇಟ್ಕೋತೇನಿ ಬೇಟಾ. ಓಣಿ ಹುಡುಗರು ಚಕ್ರ ತಿರುವಿ ಸೂಜಿ ಮುರೀತಾವ."

ಉಸ್ತಾದ್ ಕೆಣಕಿದರು: "ನಿನ್ನ ಮಿಯ್ಯಾ ಇದ್ದಾಗ ಅದೇ ಚೀಲದಾಗ ತಿಜೋರಿ ಚಾವಿ ಇಡ್ತಿದ್ದಿ."

"ತಿಜೋರಿ ಎಲ್ಲಿತ್ತು ಭಾಯಿ? ಬರೀ ಚಾವಿನೇ ಇತ್ತು."

ಆಬೇದಾಳ ನಿಕಾಹದ ಕುಪ್ಪಸಕ್ಕೆಂದು ದಾಳಿಂಬೆ ಬಣ್ಣದ ದಾರ ತಂದಿದ್ದರು. ಅದನ್ನೇ ಹಾಕಿ ಓಡಿಸಿದೆವು. ಮುತ್ತಿನಂಥ ಹೊಲಿಗೆ. ಉಸ್ತಾದ್ ಲಾಳಿಯ ಮೇಲೆ ಮುಚ್ಚುವ ತಗಡಿನ ಒಳಮೈಗೆ ೨೧೪ ಗೀರಿದರು.

೪ ಸಪ್ಟೆಂಬರ್

ಖಟಕ ಚಿಂಚೋಳಿಯಲ್ಲಿ ಮಡೆಪ್ಪ ಮಾಮಾನ ಬಣವೆ, ಕಣಜ ಎರಡಕ್ಕೂ ರಜಾಕಾರರು ಬೆಂಕಿ ಇಟ್ಟರು. ವರ್ಷದ ಜೋಳ ಬೂದಿ. ಅಪ್ಪ ಸತ್ತ ಮೇಲೆ ನನಗೂ ಅವ್ವನಿಗೂ ಅನ್ನ ಹಾಕಿದ್ದು ಅದೇ ಕಣಜ.

ಸಿಟ್ಟಿನಲ್ಲಿ ಉಸ್ತಾದರ ಮುಂದೆ "ನಿಮ್ಮವರು" ಎಂದುಬಿಟ್ಟೆ. ಅವರು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದರು. ನಿಲ್ಲಿಸಲಿಲ್ಲ.

"ಸ್ಟೋವ್ ಕೆಟ್ಟವರೆಲ್ಲಾ ನಮ್ಮವರು, ವೈಜು. ಬೆಂಕಿ ಹಚ್ಚವರು ಯಾರ ಪೈಕಿನೂ ಅಲ್ಲ."

ನಾಚಿಕೆಯಾಯಿತು. ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ.

ಕರಪತ್ರದಲ್ಲಿ ಓದಿದ ಪ್ರತಿಜ್ಞೆ ಮತ್ತೊಮ್ಮೆ: ಸುಳ್ಳು ಹೇಳೆನು. ಅನ್ಯಾಯದ ಮುಂದೆ ಸುಮ್ಮನಿರೆನು. ಮದುವೆಯಲ್ಲಿ ಬಿಡಿಗಾಸು ವರದಕ್ಷಿಣೆ ಮುಟ್ಟೆನು. (ಮದುವೆ ಗೊತ್ತಾಗಿದೆ. ಮಾಮಾನ ಮಗಳು ಕಾಂತಾಬಾಯಿ. ಅವಳಿಗೆ ಪ್ರತಿಜ್ಞೆಯ ವಿಷಯ ಗೊತ್ತಿಲ್ಲ.)

೧೮ ಸಪ್ಟೆಂಬರ್, ಶನಿವಾರ

ಮುಗಿಯಿತು! ನಿಜಾಮ ಶರಣಾದ. ನಿನ್ನೆ ಸಂಜೆ ರೇಡಿಯೋದಲ್ಲಿ ಬಂತಂತೆ. ಬಜಾರಿನ ತುಂಬ ತಿರಂಗಾ. ಎಲ್ಲಿ ಬಚ್ಚಿಟ್ಟಿದ್ದರೋ ಇಷ್ಟು ಬಟ್ಟೆ! ಅಪರಿಚಿತರನ್ನೂ ಅಪ್ಪಿಕೊಂಡೆ. ಕೂಗಿ ಕೂಗಿ ಗಂಟಲು ಒಡೆದಿದೆ. ಇನ್ನು ವಹಿಯಲ್ಲಿ ನಿಜಾಮನ ಫಸಲಿ ತಾರೀಖು ಬರೆಯಬೇಕಿಲ್ಲ.

ಉಸ್ತಾದ್ ಅಂಗಡಿ ತೆರೆದಿಲ್ಲ. ಮನೆಯ ಬಾಗಿಲೂ ಮುಚ್ಚಿದೆ.

೨೧ ಸಪ್ಟೆಂಬರ್

ಉಸ್ತಾದ್ ನಮ್ಮ ಮನೆಯಲ್ಲಿದ್ದಾರೆ. ಚೀಲಗಳ ಹಿಂದೆ ಅವ್ವ ಚಾಪೆ ಹಾಸಿ ಕೊಟ್ಟಿದ್ದಾಳೆ. ಮೊನ್ನೆ ನನ್ನ ಜೊತೆ ಜೈಕಾರ ಹಾಕಿದ ಬಾಯಿಗಳೇ ಇವತ್ತು ಅವರ ಮನೆ ಯಾವುದೆಂದು ಕೇಳುತ್ತಾ ತಿರುಗುತ್ತಿವೆ. ಹಳ್ಳಿಗಳಿಂದ ಕೆಟ್ಟ ಸುದ್ದಿ: ಮುಸಲ್ಮಾನರ ಓಣಿಗಳಲ್ಲಿ ಲೂಟಿ, ಕೊಲೆ. ಔರಾದದಿಂದಲೂ.

ಹೆಚ್ಚು ಬರೆಯಲಾರೆ.

೨೪ ಸಪ್ಟೆಂಬರ್

ಮಿಲಿಟರಿ ಲಾರಿಯಲ್ಲಿ ಉಸ್ತಾದರನ್ನು ಬೀದರಿಗೆ ಕಳಿಸಿದೆ. ಅಲ್ಲಿ ಅವರ ತಂಗಿಯ ಮನೆ. ಹತ್ತುವಾಗ ಅಂಗಡಿಯ ಬೀಗದಕೈ ಕೊಟ್ಟರು. "ವಹಿ ಜ್ವಾಕಿ" ಎಂದರು. ಅಷ್ಟೇ.

೧೦ ಅಕ್ಟೋಬರ್, ರವಿವಾರ

ದಸರಾ ಬಂತು. ಹತ್ಯಾರಗಳ ಪೂಜೆಗೆಂದು ಅಂಗಡಿ ತೆರೆದೆ. ಪೂಜೆ ಮುಗಿಯುವ ಮೊದಲೇ ಗಿರಾಕಿಗಳ ಸಾಲು. ಸಂತೋಷಪಟ್ಟೆ. ಮೂರ್ಖ ನಾನು.

ಮೊದಲ ಸ್ಟೋವ್ ತಿರುಗಿಸಿದೆ. ಅಡಿಯಲ್ಲಿ ೧೫೨. ವಹಿ ನೋಡಿದೆ. ಜಹೀರೋದ್ದೀನ ಮಾಸ್ತರ, ಭಾಲ್ಕಿ. ತಂದವನು ಜಹೀರೋದ್ದೀನನಲ್ಲ. ಎರಡನೆಯದು ಪೆಟ್ರೋಮ್ಯಾಕ್ಸ್. ಅದೂ ಬೇರೆಯವರದು. ಮೂರನೆಯದೂ.

"ಇದು ಯಾರ್ದು?" ಎಂದು ಕೂಗಿದೆ. ಒಬ್ಬ ನಕ್ಕ: "ಈಗ ನಮ್ದು." ಮತ್ತೊಬ್ಬ ಸ್ಟೋವ್ ಅಲ್ಲೇ ಬಿಟ್ಟು ಓಡಿದ. ಉಳಿದವರು ಬೈದು ಎತ್ತಿಕೊಂಡು ಹೋದರು. ನಂಬರುಗಳನ್ನು ಬರೆದಿಟ್ಟಿದ್ದೇನೆ. ಬೇರೇನು ಮಾಡಲಿ?

ಸ್ವಾತಂತ್ರ್ಯಕ್ಕೆ ಇನ್ನೂ ತಿಂಗಳು ತುಂಬಿಲ್ಲ.

೧೭ ಅಕ್ಟೋಬರ್, ರವಿವಾರ

ಬರೆಯಬಾರದೆಂದಿದ್ದೆ. ಆದರೂ ಬರೆಯುತ್ತೇನೆ.

ಮಾಮಾ ಬಂಡಿ ಕಟ್ಟಿಕೊಂಡು ಬಂದ. ಹುಲ್ಲಿನ ಕೆಳಗಿನಿಂದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟ. ಕೈಮಷೀನು.

"ಏನ್ ಅಳಿಯಾ, ಹ್ಯಾಂಗದ? ಕಾಂತಾನ ಕೂಡ ಕಳಿಸವ ಇದನ್ನ. ನಿನ್ನ ಮನಿಗೇ ಬರೋ ಮಾಲು. ಛಂದ ಮಾಡಿ ಇಡು."

ಸೂಜಿಯಲ್ಲಿ ದಾಳಿಂಬೆ ಬಣ್ಣದ ದಾರ. ತಗಡು ಸರಿಸುವ ಮೊದಲೇ ಗೊತ್ತಾಯಿತು. ಸರಿಸಿದೆ. ೨೧೪.

"ಎಲ್ಲಿಂದ ತಂದಿ ಮಾಮಾ?"

"ಔರಾದದಾಗ ಅಗ್ಗಕ್ಕ ಸಿಕ್ತು."

"ಯಾರು ಕೊಟ್ಟರು?"

ಮಾಮಾನ ಮುಖ ಕಪ್ಪಾಯಿತು. "ನನ್ನ ಕಣಜ ಸುಟ್ಟಾಗ ಯಾರು ಸುಟ್ಟರು ಅಂತ ನೀ ಹೋಗಿ ಕೇಳಿದೇನು? ಒಂದು ಸೇರು ಜೋಳ ಯಾರರ ತಿರುಗಿ ಕೊಟ್ರೇನು? ಇದರಾಗ ಏನೋ ಒಂದು ಕಡಿಮಿ ಅದ, ಹೊಲಿಯವಲ್ದು. ಹಾಕಿ ಕೊಡು. ಭಾಷಣ ಬ್ಯಾಡ."

ಕಡಿಮೆ ಇದ್ದದ್ದು ಲಾಳಿ. ಅದಕ್ಕೆ ಹೊಂದುವ ಹಳೆಯ ಲಾಳಿಯೊಂದು ಉಸ್ತಾದರ ಡ್ರಾಯರಿನಲ್ಲಿದೆ. ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ.

ಅಂಗಡಿಯ ನಡುವೆ ನಿಂತು ಹೇಳಬೇಕಿತ್ತು: ಇದು ಹಾಜಿರಾಬೀ ಅವರದು, ನೀನು ಲೂಟಿ ಮಾಡಿದ್ದೀಯಾ, ನಿನ್ನ ಮಗಳೂ ಬೇಡ, ಮಷೀನೂ ಬೇಡ. ಹೇಳಲಿಲ್ಲ. ಅವನ ಕಣಜದ ಅನ್ನ ಉಂಡು ಬೆಳೆದವನು ನಾನು.

"ಲಾಳಿ ಇಲ್ಲ ಮಾಮಾ. ಹೈದರಾಬಾದಿನಿಂದ ತರಸಬೇಕು. ಮಷೀನ್ ಇಲ್ಲೇ ಇರಲಿ" ಎಂದೆ.

ಪ್ರತಿಜ್ಞೆ ಮಾಡಿದ ಮೇಲೆ ನನ್ನ ಮೊದಲ ಸುಳ್ಳು.

೧೮ ಅಕ್ಟೋಬರ್

ಇಡೀ ದಿನ ಒಂದೇ ಯೋಚನೆ. ಮಷೀನಿನಲ್ಲಿ ಲಾಳಿ ಇಲ್ಲ. ಅಂದರೆ ಅದು ಅವರ ಎಲೆಯಡಿಕೆ ಚೀಲದಲ್ಲಿದೆ. ಚೀಲ ಸೊಂಟದಲ್ಲಿದೆ. ಆದರೆ ಹಾಜಿರಾಬೀ ಎಲ್ಲಿದ್ದಾರೆ?

ಮಷೀನು ತಿರುಗಿ ಕೊಡುವಂತೆ ಮಾಮಾನನ್ನು ಒಪ್ಪಿಸಲು ಭಾಷಣ ಬರೆದೆ. ಮೂರು ಪುಟ. ಚೆನ್ನಾಗಿದೆ. ಅವ್ವನಿಗೆ ಓದಿ ತೋರಿಸಿದೆ.

"ಛಂದ ಅದ. ನಿಮ್ಮ ಮಾಮಾಗ ಓದಲಾಕ ಬರಂಗಿಲ್ಲ, ಕೇಳಲಾಕೂ ಬರಂಗಿಲ್ಲ" ಎಂದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಬೀದರ, ೨೪ ಅಕ್ಟೋಬರ್

ರೈಲಿನಲ್ಲಿ ಬಂದೆ. ಚೌಬಾರಾ ಗೋಪುರದ ಹತ್ತಿರ, ತಂಗಿಯ ಮನೆಯ ಕಟ್ಟೆಯ ಮೇಲೆ ಉಸ್ತಾದ್ ಕೂತಿದ್ದರು. ಸುತ್ತ ಓಣಿಯವರ ಕಂದೀಲು, ಸ್ಟೋವ್! ಒಂದು ಮೊಳೆ, ಒಂದು ಇಕ್ಕಳ ಹಿಡಿದು ಅಲ್ಲೂ ಅಂಗಡಿ ತೆರೆದಿದ್ದಾರೆ. ನನ್ನನ್ನು ನೋಡಿ ಎದ್ದು ನಿಂತರು. ಇಬ್ಬರೂ ಸ್ವಲ್ಪ ಹೊತ್ತು ಒಂದು ಕೆಟ್ಟ ಸ್ಟೋವಿನ ಬಗ್ಗೆಯೇ ಮಾತಾಡಿದೆವು. ಆಮೇಲೆ ೨೧೪ ಅಂಗಡಿಗೆ ಬಂದ ವಿಷಯ ಹೇಳಿದೆ.

ಔರಾದದಿಂದ ಬಂದವರನ್ನು ಓಣಿ ಓಣಿ ಕೇಳಿದೆವು. ಕೊನೆಗೆ ಒಬ್ಬ ಮುದುಕಿ: "ಹಾಜಿರಾ? ಮಗಳ ಕೈ ಹಿಡಕೊಂಡು ನಮ್ಮ ಕೂಡೇ ಜನವಾಡದ ತನಕ ನಡೆದಳು. ಆಮ್ಯಾಲ ಕಾಣಲಿಲ್ಲ."

ನಡೆದರು! ಜೀವ ಇದೆ. ಉಸ್ತಾದ್ ಎಲ್ಲರಿಗೂ ಹೇಳಿ ಬಂದರು, ಆಕೆ ಸಿಕ್ಕರೆ ಭಾಲ್ಕಿಯಲ್ಲಿ ನಮ್ಮ ಅಂಗಡಿ ತೆರೆದಿದೆ ಎಂದು ತಿಳಿಸಿ, ಅಂತ. ಮಷೀನಿನ ಮಾತು ಎತ್ತಲಿಲ್ಲ. ಮಾಮಾ ಬಿಟ್ಟುಕೊಡುವ ತನಕ ಆಸೆ ತೋರಿಸಬಾರದಂತೆ.

ಭಾಲ್ಕಿ, ೨೬ ಅಕ್ಟೋಬರ್

ಉಸ್ತಾದ್ ತಿರುಗಿ ಬಂದರು. ಅವ್ವ ಬಾಗಿಲಲ್ಲೇ ನೀರು ಕೊಟ್ಟಳು. ಅಂಗಡಿಯಲ್ಲಿ ಮೊದಲು ವಹಿ ನೋಡಿದರು, ನಂತರ ಡ್ರಾಯರು.

"ಈ ಲಾಳಿ ಆ ಮಷೀನಿಗಿ ಹೊಂದತದಲ್ಲಪಾ?"

"ಹೊಂದತದ್ರಿ."

"ಮತ್ತ ಮಾಮಾಗ?"

"ಇಲ್ಲ ಅಂದೆ."

ಡ್ರಾಯರು ಮುಚ್ಚಿದರು. "ಇಲ್ಲ ಬಿಡು" ಎಂದರು.

೭ ನವೆಂಬರ್, ರವಿವಾರ

ದೀಪಾವಳಿ ಕಳೆದ ವಾರ. ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಮಾಮಾ ಸ್ಟೂಲಿನ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ಮೂರು ವಾರದ ಸಿಟ್ಟು ಉಸ್ತಾದರ ಮೇಲೆ. "ಏನ್ರಿ ಉಸ್ತಾದ್, ಇಷ್ಟು ದೊಡ್ಡ ಹೈದರಾಬಾದದಾಗ ಒಂದು ಲಾಳಿ ಸಿಗವಲ್ದಾ? ನಿಮ್ಮ ನಿಜಾಮ ಅದನ್ನೂ ನುಂಗಿದನೇನು?"

"ನುಂಗಿರಬೇಕ್ರಿ ಗೌಡ್ರೇ. ಹೊಟ್ಟಿ ದೊಡ್ಡದಿತ್ತು."

ಮಷೀನು ಮೇಜಿನ ಮೇಲೆ ಬಟ್ಟೆ ಮುಚ್ಚಿಕೊಂಡಿತ್ತು. ಆಗ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಬಂದು ಕೂತರು. ಒಬ್ಬರು ಹಾಜಿರಾಬೀ. ಅರ್ಧ ಆಗಿದ್ದಾರೆ. ಪಕ್ಕದಲ್ಲಿ ಆಬೇದಾ.

ಉಸ್ತಾದರ ಕೈಯಿಂದ ಇಕ್ಕಳ ಬಿತ್ತು.

"ಅಂಗಡಿ ತೆರದದ ಅಂತ ತಿಳೀತು ಭಾಯಿ. ಮಷೀನ್ ಹೋಯ್ತು. ಇದೊಂದು ಚೀಲದಾಗ ಉಳಿದಿತ್ತು. ನಾ ಇಟ್ಕೊಂಡು ಏನ್ ಮಾಡ್ಲಿ? ಬೇಕಾದವರಿಗಿ ಮಾರಿ ಕೊಡ್ರಿ."

ಲಾಳಿಯನ್ನು ಮೇಜಿನ ಮೇಲಿಟ್ಟರು. ಗೇಣುದ್ದ ದಾರ ಹೊರಗೆ ಜೋತಿತ್ತು. ದಾಳಿಂಬೆ ಬಣ್ಣ.

ಮಾಮಾ ಬಸಿ ಕೆಳಗಿಟ್ಟ. ಬಟ್ಟೆಯ ಅಂಚಿನಿಂದ ಹೊರಗೆ ಕಾಣುತ್ತಿದ್ದ ಸೂಜಿಯ ಅದೇ ದಾರವನ್ನು ನೋಡಿದ. ಲಾಳಿಯನ್ನು ನೋಡಿದ.

ನಾನು ಎದ್ದೆ. ಮೂರು ಪುಟದ ಭಾಷಣ ನಾಲಿಗೆಯ ತುದಿಯಲ್ಲಿತ್ತು. ಉಸ್ತಾದ್ ನನ್ನ ಪಾದದ ಮೇಲೆ ಪಾದವಿಟ್ಟು ಒತ್ತಿ ಹಿಡಿದರು.

ಮಾಮಾನ ಧ್ವನಿ ಅವನದಾಗಿರಲಿಲ್ಲ. "ಔರಾದದಾಗ ಯಾವ ಓಣಿ ತಂಗೀ?"

"ಬಾವಿ ಹಿಂದಿನ ಓಣಿ ಅಣ್ಣಾ. ಬೇವಿನ ಗಿಡದ ಮನಿ."

ಮಾಮಾ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡ. ಎದ್ದ. ಬಟ್ಟೆ ಎಳೆದ.

"ಇದಕ್ಕ ಹೊಂದತದೇನು, ಹಾಕಿ ನೋಡು."

ಹಾಜಿರಾಬೀ ಮುಟ್ಟಲಿಲ್ಲ. ಕೈ ಅರ್ಧದಲ್ಲೇ ನಿಂತಿತ್ತು. ಆಬೇದಾ "ಅಮ್ಮೀ!" ಎಂದು ಅಳತೊಡಗಿದಳು.

"ಹಾದ್ಯಾಗ ಬಿದ್ದಿತ್ತು" ಎಂದ ಮಾಮಾ, ಗೋಡೆಯ ಕಡೆ ನೋಡುತ್ತ. "ಯಾರ್ದೋ ಏನೋ. ಹಾಳಾಗಬಾರದು ಅಂತ ತಂದು ಇಲ್ಲಿ ಇಟ್ಟೀನಿ. ನಮ್ಮ ವೈಜಾ ಕಾಯ್ದಾನ."

ಸುಳ್ಳು! ಉಸ್ತಾದರ ಪಾದ ಇನ್ನೂ ಭಾರವಾಯಿತು.

ಹಾಜಿರಾಬೀ ಲಾಳಿ ಕೂರಿಸಿದರು. ಚಕ್ರ ತಿರುವಿದರು. ಸೆರಗಿನ ಅಂಚನ್ನೇ ಸೂಜಿಗೆ ಕೊಟ್ಟು ನಾಲ್ಕು ಬೆರಳು ಹೊಲಿದರು. ಆ ಸದ್ದು! ನಂತರ ಮಾಮಾನ ಕಡೆ ಎರಡೂ ಕೈ ಎತ್ತಿದರು.

"ಅಲ್ಲಾ ನಿನ್ನ ಕಣಜ ತುಂಬಸ್ಲಿ ಅಣ್ಣಾ."

ಅವರಿಗೇನು ಗೊತ್ತು ಆ ಕಣಜದ ವಿಷಯ. ಮಾಮಾ ಯಾರನ್ನೂ ನೋಡದೆ ಮಷೀನನ್ನು ತಾನೇ ಎತ್ತಿದ.

"ಬೀದರ ಗಾಡಿ ಬರೋ ಹೊತ್ತಾಯ್ತು. ಬಂಡಿ ಖಾಲಿ ಅದ. ಟೇಸನ್ ತನಕ ಬಿಡ್ತೇನಿ, ಏರ್ರಿ."

ಅವರು ಹೋದ ಮೇಲೆ ಉಸ್ತಾದರ ಮೇಲೆ ಹರಿಹಾಯ್ದೆ. ಲೂಟಿ ಮಾಡಿದವನಿಗೆ ದುವಾ! ನ್ಯಾಯ ಎಲ್ಲಿ?

"ಬಂಡ್ಯಾಗ ಹೊಂಟದ ನೋಡು" ಎಂದರು. ಇಕ್ಕಳ ಹುಡುಕತೊಡಗಿದರು. "ನಿನ್ನ ಸುಳ್ಳು ಮೂರು ವಾರ ಮಷೀನ್ ಕಾಯ್ತು. ನಿಮ್ಮ ಮಾಮಾನ ಸುಳ್ಳಿಗಿ ಟೇಸನ್ ತನಕ ಹೋಗಲಾಕ ಬಿಡು."

ಒಪ್ಪುವುದಿಲ್ಲ. ಆದರೆ ತಿಂಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ. ಅವ್ವ ಎರಡು ಸಲ ಮುಖ ನೋಡಿದಳು.

೧೪ ನವೆಂಬರ್, ರವಿವಾರ

ಮಾಮಾ ಬಂದ. ಕೈಯಲ್ಲಿ ಕಂದೀಲು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

"ಮಷೀನ್ ಅಂತೂ ಹೋಯ್ತು. ಕಣಜದಾಗ ಕಾಳಿಲ್ಲ. ಬರೇ ಹುಡಿಗಿ ಕೊಡ್ತೇನಿ. ನಡೀತದೇನು?"

ಪ್ರತಿಜ್ಞೆ ತಾನಾಗಿ ನಡೆದು ಬಂದು ಎದುರಿಗೆ ನಿಂತಿತ್ತು. ವರದಕ್ಷಿಣೆಯ ವಿರುದ್ಧವೂ ಒಂದು ಭಾಷಣ ತಯಾರಿತ್ತು. "ನಡೀತದ" ಎಂದೆ.

ಮಾಮಾ ಅಂಗಿಯೊಳಗಿನಿಂದ ಒಂದು ಹಳೆಯ ಕುಪ್ಪಸ ತೆಗೆದು ಉಸ್ತಾದರ ಮುಂದಿಟ್ಟ. ಅಳತೆಗೆ. "ಆ ತಂಗಿ ಬೀದರದಾಗ ಎಲ್ಲಿರ್ತಾಳ? ಕಾಂತಾಂದು ಆಕಿ ಕಡೇನೇ ಹೊಲಿಸಬೇಕು."

ಕಂದೀಲು ನನ್ನ ಕೈಗೆ ಬಂತು. ತಿರುಗಿಸಲು ಭಯವಾಯಿತು. ಮಾಮಾನೇ ಹೇಳಿದ, ಕಿವಿ ಕೆಂಪಾಗಿ: "ಅಡಿ ನೋಡು. ನೋಡಿಬಿಡು."

೮೭. ವಹಿ ತೆಗೆದೆ. ೮೭: ಮಡೆಪ್ಪ, ಖಟಕ ಚಿಂಚೋಳಿ. ಮಾಮಾನದೇ!

ಉಸ್ತಾದ್ ಮೊದಲು ನಕ್ಕರು. ನಂತರ ನಾನು. ಮಾಮಾ ಬೈಯಲು ಬಾಯಿ ತೆಗೆದ, ಅವನಿಗೂ ನಗು ಬಂತು.

ಯಾರೋ ಸ್ಟೋವ್ ತಂದಿದ್ದಾರೆ. ಅಡಿ ನೋಡಿ ಬಂದು ಬರೆಯುತ್ತೇನೆ.